ಡಿಸ್ಕ್ರೀಟ್ ಗಣಿತ: ಲೆಕ್ಕ ಬರುತ್ತದೆ, ಸಾಧನೆ ಬರೆಯಲು ಬರುವುದಿಲ್ಲ

ನಾಲ್ಕನೇ ಸೆಮ್ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ. ನಾನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಓದುತ್ತಿದ್ದೇನೆ. 2018ರ ಸ್ಕೀಮ್‌ನವರು ಮೂರನೇ ಸೆಮಿಸ್ಟರ್‌ನಲ್ಲಿ ಓದುತ್ತಿದ್ದ ಡಿಸ್ಕ್ರೀಟ್ ಮ್ಯಾಥಮ್ಯಾಟಿಕಲ್ ಸ್ಟ್ರಕ್ಚರ್ಸ್ (ತರ್ಕ, ಎಣಿಕೆ, ಸಂಬಂಧಗಳ ಗಣಿತ) ನಮಗೆ ನಾಲ್ಕನೆಯದರಲ್ಲಿ ಆಯ್ಕೆಯ ವಿಷಯವಾಗಿದೆ. ಗ್ರಾಫ್ ಥಿಯರಿ, ಲೀನಿಯರ್ ಆಲ್ಜೀಬ್ರಾಗಳನ್ನು ಬಿಟ್ಟು ನಾನು ಇದನ್ನೇ ಆರಿಸಿಕೊಂಡೆ. ಸುಲಭ ಎಂದು ಸೀನಿಯರ್‌ಗಳು ಹೇಳಿದ್ದರು ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣವಿರಲಿಲ್ಲ.

ಹತ್ತನೇ ತರಗತಿಯವರೆಗೆ ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಮೊದಲ ವರ್ಷದ ಗಣಿತ ಪತ್ರಿಕೆಗಳಲ್ಲಿ ಅವಕಲನ, ಅನುಕಲನಗಳನ್ನು ಅಭ್ಯಾಸದ ಬಲದಿಂದ ದಾಟಿದೆ. ಇಲ್ಲಿಯೂ ಹೇಳಿಕೆಗಳ ಸತ್ಯ-ಸುಳ್ಳು ತೋರಿಸುವ ಟ್ರೂತ್ ಟೇಬಲ್ ತುಂಬಿಸುತ್ತೇನೆ, ಹಿಂದಿನ ಪದಗಳಿಂದ ಮುಂದಿನದನ್ನು ಕೊಡುವ ರಿಕರೆನ್ಸ್ ಬಿಡಿಸುತ್ತೇನೆ, ನಾಲ್ಕು ಪತ್ರಗಳನ್ನು ನಾಲ್ಕೂ ತಪ್ಪು ಲಕೋಟೆಗೆ ಹಾಕುವ ವಿಧಾನಗಳು 9 ಎಂದು ಸೂತ್ರ ಹಾಕಿ ಹೇಳುತ್ತೇನೆ. ಆದರೆ ‘ಸಾಧಿಸಿ’ ಎಂಬ ಪದ ಪ್ರಶ್ನೆಯಲ್ಲಿ ಬಂದರೆ ಪೆನ್ನು ನಿಂತುಬಿಡುತ್ತದೆ. ಇಂಟರ್ನಲ್ಸ್‌ನಲ್ಲಿ ಒಂದು ಇಂಡಕ್ಷನ್ (ಮೊದಲ ಸಂಖ್ಯೆಗೆ ಹೇಳಿಕೆಯನ್ನು ಪರೀಕ್ಷಿಸಿ, ಆಮೇಲೆ ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಹೋಗಬಹುದೆಂದು ತೋರಿಸುವ ಸಾಧನೆ) ಪ್ರಶ್ನೆಗೆ ನೋಟ್ಸ್‌ನಲ್ಲಿದ್ದದ್ದನ್ನು ಅಕ್ಷರಶಃ ಬರೆದು ಪೂರ್ತಿ ಅಂಕ ಪಡೆದೆ. ಮರುದಿನ ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಚಿ ಗೆಳೆಯ ಕೇಳಿದಾಗ ಒಂದು ಸಾಲೂ ಹೊಳೆಯಲಿಲ್ಲ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಎರಡು ವಿಷಯ. ‘ಇದಾದರೆ ಅದು’ ಎಂಬ ಹೇಳಿಕೆಯಲ್ಲಿ ‘ಇದು’ ಸುಳ್ಳಾಗಿದ್ದರೂ ಇಡೀ ಹೇಳಿಕೆ ಸತ್ಯ ಎಂದು ಬರೆಯುವುದು ಏಕೆ? ಇಂಡಕ್ಷನ್‌ನಲ್ಲಿ ಸಾಧಿಸಬೇಕಾದದ್ದನ್ನೇ ಮೊದಲು ‘ಸತ್ಯವೆಂದು ಭಾವಿಸಿ’ ಎನ್ನುತ್ತಾರಲ್ಲ, ಅದು ಮೋಸವಲ್ಲವೇ? ಇವುಗಳ ಜೊತೆಗೆ, ಕೆಲಸಕ್ಕೆ ಸೇರಿದ ಮೇಲೆ ಇದು ಎಲ್ಲಿ ಬೇಕಾಗುತ್ತದೆ ಎಂಬುದನ್ನೂ ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಸಂಜೆಯ ಪಾಠ:

ನಾನು ಈ ವಿಷಯವನ್ನು ಹಲವು ವರ್ಷ ಬೋಧಿಸಿದ್ದೇನೆ, ನಿಮ್ಮ ಎರಡೂ ಪ್ರಶ್ನೆಗಳು ಪ್ರತಿ ಬ್ಯಾಚ್‌ನಲ್ಲಿಯೂ ಬರುತ್ತವೆ. ಬಹಳಷ್ಟು ಮಂದಿ ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೇ.

ಮೊದಲನೆಯದಕ್ಕೆ ಸಂಖ್ಯೆಗಳನ್ನೇ ತೆಗೆದುಕೊಳ್ಳೋಣ. ‘ಒಂದು ಸಂಖ್ಯೆ 4ರಿಂದ ಭಾಗವಾದರೆ ಅದು ಸಮಸಂಖ್ಯೆ’ ಎಂಬುದನ್ನು ನೀವು ಒಪ್ಪುತ್ತೀರಿ. ಯಾವ ಪೂರ್ಣಾಂಕಕ್ಕೂ ಇದು ಸುಳ್ಳಾಗುವುದಿಲ್ಲ ಎಂದೂ ಒಪ್ಪುತ್ತೀರಿ. ಈಗ 8 ಇಟ್ಟು ನೋಡಿ: ಮೊದಲ ಭಾಗ ಸತ್ಯ, ಎರಡನೆಯದೂ ಸತ್ಯ. 6 ಇಟ್ಟರೆ ಮೊದಲನೆಯದು ಸುಳ್ಳು, ಎರಡನೆಯದು ಸತ್ಯ. 3 ಇಟ್ಟರೆ ಎರಡೂ ಸುಳ್ಳು. ಹೇಳಿಕೆ ಎಲ್ಲ ಸಂಖ್ಯೆಗಳಿಗೂ ನಿಲ್ಲಬೇಕಾದರೆ ಈ ಮೂರೂ ಸಾಲುಗಳಲ್ಲಿ ‘ಸತ್ಯ’ ಎಂದು ಬರೆಯದೆ ಗತ್ಯಂತರವಿಲ್ಲ. ಉಳಿದದ್ದು ‘ಮೊದಲನೆಯದು ಸತ್ಯ, ಎರಡನೆಯದು ಸುಳ್ಳು’ ಎಂಬ ಸಾಲು. ಅಂಥ ಸಂಖ್ಯೆ ಒಂದೇ ಒಂದು ಸಿಕ್ಕರೂ ಹೇಳಿಕೆ ಬೀಳುತ್ತದೆ. ಟೇಬಲ್‌ನ ಆ ವಿಚಿತ್ರ ಸಾಲುಗಳನ್ನು ಯಾರೋ ಕುಳಿತು ಕಟ್ಟಳೆಯಾಗಿ ಮಾಡಿದ್ದಲ್ಲ; ನಾವು ದಿನವೂ ಒಪ್ಪುವ ವಾಕ್ಯಗಳೇ ಅವನ್ನು ಒತ್ತಾಯಿಸುತ್ತವೆ.

ಇಂಡಕ್ಷನ್ ವಿಷಯಕ್ಕೆ ಬರುತ್ತೇನೆ. ಎರಡನೇ ಹಂತದಲ್ಲಿ ನೀವು ಸಾಧಿಸುತ್ತಿರುವುದು ‘ಕೆ ಎಂಬ ಮೆಟ್ಟಿಲಿಗೆ ಹೇಳಿಕೆ ನಿಂತರೆ ಮುಂದಿನ ಮೆಟ್ಟಿಲಿಗೂ ನಿಲ್ಲುತ್ತದೆ’ ಎಂಬ ‘ಇದಾದರೆ ಅದು’ ವಾಕ್ಯವನ್ನು ಮಾತ್ರ. ಅದನ್ನು ಸಾಧಿಸುವಾಗ ‘ಇದು’ ಎಂಬ ಭಾಗವನ್ನು ಕೈಯಲ್ಲಿಟ್ಟುಕೊಳ್ಳುವುದು ಮೋಸವಲ್ಲ, ಆ ವಾಕ್ಯದ ಅರ್ಥವೇ ಅದು. ಕೆ ಮೆಟ್ಟಿಲಿನಲ್ಲಿ ಹೇಳಿಕೆ ನಿಜವೋ ಅಲ್ಲವೋ ಎಂಬುದರ ಬಗ್ಗೆ ಆ ಹಂತ ಏನನ್ನೂ ಹೇಳುವುದಿಲ್ಲ. ಅದನ್ನು ನಿರ್ಧರಿಸುವುದು ಮೊದಲ ಮೆಟ್ಟಿಲು. ಅಂದರೆ ನಿಮ್ಮ ಎರಡು ಪ್ರಶ್ನೆಗಳೂ ಒಂದೇ ಪ್ರಶ್ನೆ.

ಇನ್ನೊಂದು ಮಾತು. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ನೀವು ‘ಸಾಧನೆ ಬರುವುದಿಲ್ಲ’ ಎನ್ನುವುದನ್ನು ನಾನು ನಂಬುವುದಿಲ್ಲ. ರೇಖಾಗಣಿತದಲ್ಲಿ ಪೈಥಾಗೊರಸ್ ಪ್ರಮೇಯಕ್ಕೆ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ತಲೆಬರಹ ಹಾಕಿ ಬರೆದಿದ್ದೀರಿ. ಅದನ್ನೇ ಇಲ್ಲಿಯೂ ಮಾಡಿ. ಪ್ರಶ್ನೆ ಓದಿದ ಕೂಡಲೇ ದತ್ತವೇನು, ಸಾಧನೀಯವೇನು ಎಂದು ಎರಡು ಪೂರ್ಣ ವಾಕ್ಯಗಳನ್ನು ಕನ್ನಡದಲ್ಲಿಯೇ ಬರೆಯಿರಿ. ನನ್ನ ಅನುಭವದಲ್ಲಿ ಪೆನ್ನು ನಿಲ್ಲುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಸಾಧನೆ ಕಷ್ಟವಾಗಿರುವುದಿಲ್ಲ. ಸಾಧನೀಯ ಯಾವುದೆಂಬುದೇ ತಿಳಿದಿರುವುದಿಲ್ಲ.

ಆರು ವರ್ಷದ ಕೋಡ್:

ಭಿನ್ನಾಭಿಪ್ರಾಯಕ್ಕೆ ಕ್ಷಮೆಯಿರಲಿ. ನಾನು ಆರು ವರ್ಷಗಳಿಂದ ವೆಬ್ ಅಪ್ಲಿಕೇಶನ್‌ಗಳ ಮೇಲೆ ಕೆಲಸ ಮಾಡುತ್ತಿದ್ದೇನೆ, ಒಂದು ದಿನವೂ ರೂಕ್ ಪಾಲಿನಾಮಿಯಲ್ (ಚದುರಂಗದ ರೂಕ್ ಕಾಯಿಗಳನ್ನು ಒಂದನ್ನೊಂದು ಹೊಡೆಯದಂತೆ ಇಡುವ ಬಗೆಗಳ ಎಣಿಕೆ) ಬೇಕಾಗಿಲ್ಲ, ಇಂಡಕ್ಷನ್ ಬರೆದಿಲ್ಲ. ಸಂದರ್ಶನಗಳಲ್ಲಿ ಕೇಳುವುದು ಡೇಟಾ ಸ್ಟ್ರಕ್ಚರ್ ಮತ್ತು ಕೋಡಿಂಗ್. ನಾಲ್ಕನೇ ಸೆಮಿಸ್ಟರ್‌ನಲ್ಲಿ ಆಲ್ಗಾರಿದಮ್ಸ್, ಡೇಟಾಬೇಸ್ ಎರಡೂ ಇರುತ್ತವೆ; ಸಮಯವನ್ನು ಅಲ್ಲಿ ಹಾಕಿ. ಇದಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಿರುವಿ ಪಾಸಾದರೆ ಸಾಕು. ಎಲ್ಲರೂ ಎಲ್ಲವನ್ನೂ ಆಳವಾಗಿ ಓದಬೇಕೆಂಬ ಉಪದೇಶದಿಂದ ವಿದ್ಯಾರ್ಥಿಗಳಿಗೆ ಅಪರಾಧಿ ಭಾವ ಬರುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಖಾಲಿ ಪಟ್ಟಿ:

ಮೇಲಿನವರ ಮಾತಿನಲ್ಲಿ ಅರ್ಧ ಸತ್ಯವಿದೆ. ರೂಕ್ ಪಾಲಿನಾಮಿಯಲ್ ನನಗೂ ಬೇಕಾಗಿಲ್ಲ. ಆದರೆ ನನ್ನ ಈ ಹೆಸರಿಗೆ ಕಾರಣವಾದ ಘಟನೆಯನ್ನು ಹೇಳುತ್ತೇನೆ, ಏಕೆಂದರೆ ಪ್ರಶ್ನೆ ಕೇಳಿದವರ ಮೊದಲ ಸಂದೇಹಕ್ಕೂ ಅದಕ್ಕೂ ನೇರ ಸಂಬಂಧವಿದೆ.

ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಬಿಲ್ ಮಂಜೂರಾತಿಯ ತಂತ್ರಾಂಶವನ್ನು ನಾನೇ ಬರೆದಿದ್ದೆ. ‘ಪಟ್ಟಿಯಲ್ಲಿರುವ ಎಲ್ಲ ಅಧಿಕಾರಿಗಳೂ ಒಪ್ಪಿದ್ದರೆ ಬಿಲ್ ಮಂಜೂರು’ ಎಂಬ ಒಂದೇ ನಿಯಮ; ಪೈಥಾನ್‌ನ ‘ಆಲ್’ ಎಂಬ ಫಂಕ್ಷನ್ ಬಳಸಿ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ತಿಂಗಳುಗಟ್ಟಲೆ ಸರಿಯಾಗಿ ನಡೆಯಿತು. ಆಮೇಲೆ ಹೊಸದೊಂದು ವಿಭಾಗ ತೆರೆದರು, ಅದಕ್ಕೆ ಅಧಿಕಾರಿಗಳನ್ನು ಇನ್ನೂ ನೇಮಿಸಿರಲಿಲ್ಲ. ಆ ವಿಭಾಗದಿಂದ ಬಂದ ಬಿಲ್‌ಗಳೆಲ್ಲ ಯಾರ ಕಣ್ಣಿಗೂ ಬೀಳದೆ, ಹಾಕಿದ ಕ್ಷಣದಲ್ಲಿಯೇ ಮಂಜೂರಾಗುತ್ತಿದ್ದವು. ಪಟ್ಟಿ ಖಾಲಿಯಾಗಿದ್ದರೆ ಆ ಫಂಕ್ಷನ್ ‘ಸತ್ಯ’ ಎಂದು ಉತ್ತರಿಸುತ್ತದೆ. ಜಾವಾಸ್ಕ್ರಿಪ್ಟ್‌ನ ‘ಎವ್ರಿ’ ಕೂಡ ಹಾಗೆಯೇ.

ಅಂದು ಭಾಷೆಯಲ್ಲಿಯೇ ದೋಷವಿದೆ ಎಂದು ನಾನು ವಾದ ಮಾಡಿದೆ. ಆಗ ತಂಡದ ಹಿರಿಯರೊಬ್ಬರು ‘ಎಲ್ಲರೂ ಒಪ್ಪಿದ್ದಾರೆ ಎಂಬುದು ಸುಳ್ಳಾಗಬೇಕಾದರೆ ಏನಿರಬೇಕು?’ ಎಂದು ಕೇಳಿದರು. ಒಪ್ಪದವನೊಬ್ಬನಾದರೂ ಇರಬೇಕು. ಖಾಲಿ ಪಟ್ಟಿಯಲ್ಲಿ ಅವನನ್ನು ಎಲ್ಲಿಂದ ತರುವುದು? ಕಾಲೇಜಿನಲ್ಲಿ ಅಂಕಕ್ಕಾಗಿ ಉರುಹೊಡೆದಿದ್ದ ಟ್ರೂತ್ ಟೇಬಲ್‌ನ ಆ ಎರಡು ಸಾಲುಗಳು ಅಂದು ನನಗೆ ಅರ್ಥವಾದವು. ತಪ್ಪು ಭಾಷೆಯದ್ದಾಗಿರಲಿಲ್ಲ, ನನ್ನ ನಿಯಮದ್ದಾಗಿತ್ತು. ‘ಒಬ್ಬರಾದರೂ ಅಧಿಕಾರಿ ಇರಬೇಕು, ಮತ್ತು ಎಲ್ಲರೂ ಒಪ್ಪಿರಬೇಕು’ ಎಂದು ಬರೆಯಬೇಕಾಗಿತ್ತು.

ಹೀಗೆ ‘ಎಲ್ಲ’ ಎಂಬುದನ್ನು ನಿರಾಕರಿಸಿದರೆ ‘ಒಬ್ಬನಾದರೂ ಅಲ್ಲ’ ಆಗುವುದು, ‘ಮತ್ತು’ ನಿರಾಕರಣೆಯಲ್ಲಿ ‘ಅಥವಾ’ ಆಗುವುದು, ಇವುಗಳಿಗೆ ಗಣಿತಜ್ಞ ಡಿ ಮಾರ್ಗನ್ ಹೆಸರಿದೆಯಲ್ಲ, ಆತ 1806ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಮಧುರೈಯಲ್ಲಿ. ಕೋಡ್ ಪರಿಶೀಲನೆ ಮಾಡುವಾಗ ನಾನು ಹಿಡಿಯುವ ತಪ್ಪುಗಳಲ್ಲಿ ಅವನ ನಿಯಮಗಳನ್ನು ಮುರಿದವುಗಳು ಈಗಲೂ ಬಹಳ. ‘ಅಡ್ಮಿನ್ ಅಥವಾ ಮಾಲೀಕ ಅಲ್ಲದಿದ್ದರೆ ತಡೆ’ ಎಂದು ಬೇಕಾದ ಕಡೆ ‘ಅಡ್ಮಿನ್ ಅಲ್ಲ ಅಥವಾ ಮಾಲೀಕ ಅಲ್ಲ’ ಎಂದು ಬರೆದು, ಎರಡೂ ಆಗಿರುವವರನ್ನು ಬಿಟ್ಟು ಎಲ್ಲರನ್ನೂ ಹೊರಗಟ್ಟಿದ ಕೋಡ್ ಕಳೆದ ತಿಂಗಳಷ್ಟೇ ಸಿಕ್ಕಿತು.

ಇಂಡಕ್ಷನ್ ಬಗ್ಗೆಯೂ ಒಂದು ಮಾತು. ಬೈನರಿ ಸರ್ಚ್ (ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧಕ್ಕಿಳಿಸುತ್ತ ಹುಡುಕುವ ವಿಧಾನ) ಸರಿಯೆಂದು ತೋರಿಸುವ ಸಾಧನೆ ಒಳಗೊಳಗೇ ಇಂಡಕ್ಷನ್: ಪ್ರತಿ ಸುತ್ತಿನ ಆರಂಭದಲ್ಲಿಯೂ ‘ಹುಡುಕುವ ಬೆಲೆ ಇದ್ದರೆ ಈ ಎರಡು ಗಡಿಗಳ ನಡುವೆಯೇ ಇದೆ’ ಎಂಬ ಮಾತು ನಿಲ್ಲುತ್ತದೆ. ಇಷ್ಟಿದ್ದೂ ಜಾವಾ ಭಾಷೆಯ ಸಿದ್ಧ ಕೋಡ್ ಸಂಗ್ರಹದ ಬೈನರಿ ಸರ್ಚ್‌ನಲ್ಲಿ ವರ್ಷಗಟ್ಟಲೆ ಒಂದು ದೋಷ ಅಡಗಿತ್ತೆಂದು ಆ ಕೋಡ್ ಬರೆದ ಜೋಶುವಾ ಬ್ಲಾಕ್ 2006ರಲ್ಲಿ ಬರೆದರು. ಎರಡು ಗಡಿಗಳನ್ನು ಕೂಡಿಸಿ 2ರಿಂದ ಭಾಗಿಸುವಾಗ ಮೊತ್ತ 2,14,74,83,647ನ್ನು ದಾಟಿದರೆ ಅದು ಋಣಸಂಖ್ಯೆಯಾಗಿ ತಿರುಗುತ್ತದೆ. ಸಾಧನೆ ಪೂರ್ಣಾಂಕಗಳಿಗೆ ಸರಿಯಾಗಿತ್ತು; ಯಂತ್ರದಲ್ಲಿರುವುದು ಮಿತಿ ದಾಟಿದರೆ ಗಡಿಯಾರದಂತೆ ಸುತ್ತಿ ಬರುವ, 2ರ 32ನೇ ಘಾತದ ಮಾಡ್ಯುಲೋ ಅಂಕಗಣಿತ. ಎರಡೂ ಇದೇ ಪಠ್ಯದ ಅಧ್ಯಾಯಗಳು ಎಂಬುದನ್ನು ಮರೆಯಬೇಡಿ.

ನಾಲ್ಕನೇ ಸೆಮ್:

ಇಬ್ಬರಿಗೂ ಕೃತಜ್ಞತೆಗಳು. 8, 6, 3 ಇಟ್ಟು ನೋಡಿದ ಮೇಲೆ ಟೇಬಲ್ ಮೊದಲ ಬಾರಿಗೆ ಸಹಜವೆನಿಸಿತು. ದತ್ತ, ಸಾಧನೀಯ ಎಂದು ಬರೆಯಲು ಆರಂಭಿಸಿದ್ದೇನೆ, ಆದರೆ ಅಲ್ಲೊಂದು ಹೊಸ ತೊಡಕು ಬಂದಿದೆ. ‘ಎಲ್ಲ ವಿದ್ಯಾರ್ಥಿಗಳೂ ಪಾಸಾಗಿದ್ದಾರೆ’ ಎಂಬುದರ ನಿರಾಕರಣೆ ಬರೆಯಿರಿ ಎಂದಿದ್ದರೆ ನಾನು ‘ಎಲ್ಲ ವಿದ್ಯಾರ್ಥಿಗಳೂ ಪಾಸಾಗಿಲ್ಲ’ ಎಂದು ಬರೆದೆ. ಗೆಳೆಯ ಅದು ಸರಿ ಎಂದ. ಉತ್ತರಪತ್ರಿಕೆ ನೋಡಿದ ಇನ್ನೊಬ್ಬ, ಹಾಗೆಂದರೆ ಯಾರೂ ಪಾಸಾಗಿಲ್ಲ ಎಂದಾಗುತ್ತದೆ, ತಪ್ಪು ಎಂದ. ಯಾರ ಮಾತು ಸರಿ? ಕನ್ನಡದಲ್ಲಿ ಬರೆದದ್ದೇ ತಪ್ಪಾಯಿತೇ?

ಷಟ್ಪದಿ:

ನಾನು ಗಣಿತದವನಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ಮಗಳು ಇದೇ ವಿಷಯ ಓದುತ್ತಿರುವುದರಿಂದ ಈ ಚರ್ಚೆಯನ್ನು ಓದುತ್ತಿದ್ದೇನೆ. ಇಬ್ಬರು ಗೆಳೆಯರೂ ಸರಿ, ಏಕೆಂದರೆ ವಾಕ್ಯವೇ ಇಬ್ಬಂದಿಯದು. ‘ಎಲ್ಲರೂ ಬಂದಿಲ್ಲ’ ಎಂದಾಗ ಕೆಲವರು ಬಾಕಿ ಎಂದೂ, ಒಬ್ಬರೂ ಬಂದಿಲ್ಲ ಎಂದೂ ಕೇಳುವವರು ತಿಳಿಯಬಹುದು; ದನಿಯ ಏರಿಳಿತದಿಂದ ನಾವು ಮನೆಯಲ್ಲಿ ಅದನ್ನು ಬಗೆಹರಿಸಿಕೊಳ್ಳುತ್ತೇವೆ, ಕಾಗದದ ಮೇಲೆ ದನಿಯಿಲ್ಲ. ಹಾಗೆಂದು ಕನ್ನಡವನ್ನು ದೂರಬೇಕಾಗಿಲ್ಲ. ‘ಪಾಸಾಗದ ಒಬ್ಬ ವಿದ್ಯಾರ್ಥಿಯಾದರೂ ಇದ್ದಾನೆ’ ಎಂದರೆ ಎರಡನೆಯ ಅರ್ಥಕ್ಕೆ ಎಡೆಯೇ ಇರುವುದಿಲ್ಲ. ಇನ್ನು ಕೆಲವೆಡೆ ನಮ್ಮ ಭಾಷೆ ಒಂದೇ ಅಕ್ಷರದಲ್ಲಿ ಕೆಲಸ ಮುಗಿಸುತ್ತದೆ: ‘ಪ್ರತಿ ಬೀಗಕ್ಕೂ ಒಂದು ಕೀಲಿಕೈ ಇದೆ’ ಮತ್ತು ‘ಎಲ್ಲ ಬೀಗಕ್ಕೂ ಒಂದೇ ಕೀಲಿಕೈ ಇದೆ’ ಎಂಬ ಎರಡು ವಾಕ್ಯಗಳನ್ನು ಮಗಳಿಗೆ ತೋರಿಸಿದಾಗ, ಕ್ವಾಂಟಿಫೈಯರ್‌ಗಳ (‘ಪ್ರತಿ’, ‘ಒಂದಾದರೂ’ ಎಂಬಂಥ ಪದಗಳ) ಕ್ರಮ ಬದಲಾದರೆ ಅರ್ಥ ಬದಲಾಗುವುದು ಹೀಗೆ ಎಂದು ಅವಳೇ ನನಗೆ ತಿರುಗಿ ಪಾಠ ಮಾಡಿದಳು.

ಎಣಿಕೆಯ ಅಧ್ಯಾಯದ ಬಗ್ಗೆ ನನಗೆ ಸ್ವಲ್ಪ ಹೇಳುವುದಿದೆ. ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು, ಎಂದರೆ ನೀವು ‘ವಿಕಲ್ಪ’ ಎಂದು ಓದಿದ್ದನ್ನು, ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಕೊಟ್ಟಿದ್ದಾನೆ. ಆರು ರುಚಿಗಳನ್ನು ಬೆರೆಸಿದರೆ ಎಷ್ಟು ಬಗೆ ಎಂಬುದು ಅಲ್ಲಿಯ ಲೆಕ್ಕ, ಉತ್ತರ 63. ಛಂದಸ್ಸಿನವರು ಇನ್ನೊಂದು ದಾರಿಯಲ್ಲಿ ಎಣಿಕೆಗೇ ಬಂದರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಗಳನ್ನು ತುಂಬುವ ಬಗೆಗಳೆಷ್ಟು? ಗುರು-ಗುರು, ಗುರು-ಲಘು-ಲಘು, ಲಘು-ಗುರು-ಲಘು, ಲಘು-ಲಘು-ಗುರು, ನಾಲ್ಕು ಲಘು: ಒಟ್ಟು ಐದು. ಮೂರು ಮಾತ್ರೆಗೆ ಮೂರು, ಐದಕ್ಕೆ ಎಂಟು. ಕೊನೆಯ ಅಕ್ಷರ ಲಘುವಾದರೆ ಹಿಂದೆ ಉಳಿಯುವುದು ಒಂದು ಮಾತ್ರೆ ಕಡಿಮೆ, ಗುರುವಾದರೆ ಎರಡು ಕಡಿಮೆ. ಆದ್ದರಿಂದ ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಇದನ್ನು ಹನ್ನೆರಡನೇ ಶತಮಾನದ ಹೇಮಚಂದ್ರ ಹೇಳಿದ್ದಾನೆ, ಫಿಬೊನಾಚ್ಚಿಯ ಪುಸ್ತಕ ಬಂದದ್ದು 1202ರಲ್ಲಿ.

ಈಗ ಭಾಮಿನಿ ಷಟ್ಪದಿಯ ಮೊದಲ ಸಾಲು: ಮೂರು, ನಾಲ್ಕು, ಮೂರು, ನಾಲ್ಕು, ಒಟ್ಟು 14 ಮಾತ್ರೆ. ಗಣಗಳ ಗಡಿಯನ್ನು ಲೆಕ್ಕಿಸದಿದ್ದರೆ 14 ಮಾತ್ರೆಗಳಿಗೆ 610 ವಿನ್ಯಾಸಗಳು. ಗಡಿಯನ್ನು ಪಾಲಿಸಿದರೆ ಮೂರು ಗುಣಿಸು ಐದು ಗುಣಿಸು ಮೂರು ಗುಣಿಸು ಐದು, 225. ಲಘುವಿನ ಮೇಲೆ ಗುರು ಬಂದು ಗಣ ಆರಂಭವಾಗಬಾರದು ಎಂಬ ಲಗಾದಿ ನಿಷೇಧವನ್ನೂ ಸೇರಿಸಿದರೆ ಮೂರರ ಗಣದಲ್ಲಿ ಎರಡು, ನಾಲ್ಕರ ಗಣದಲ್ಲಿ ನಾಲ್ಕು ಉಳಿದು, ಸಾಲಿಗೆ 64 ಆಗುತ್ತದೆ. ನಿಯಮಗಳು ಹೆಚ್ಚಿದಂತೆ ಲೆಕ್ಕ ಸುಲಭವಾಯಿತು ಎಂಬುದು ನನಗೆ ಇಂದಿಗೂ ಸೋಜಿಗ. ಮೂರು ಮತ್ತು ಆರನೇ ಸಾಲುಗಳಲ್ಲಿ ಈ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಇರುತ್ತದೆ. ಇಡೀ ಪದ್ಯಕ್ಕೆ ಎಷ್ಟು ವಿನ್ಯಾಸಗಳೆಂಬುದನ್ನು ಪ್ರಶ್ನೆ ಕೇಳಿದ ವಿದ್ಯಾರ್ಥಿಗೇ ಬಿಡುತ್ತೇನೆ.

ಆರು ವರ್ಷದ ಕೋಡ್:

ಖಾಲಿ ಪಟ್ಟಿಯ ಪ್ರಸಂಗ ಓದಿ ನಮ್ಮ ಕೋಡ್‌ನಲ್ಲಿ ‘ಎವ್ರಿ’ ಎಂದು ಹುಡುಕಿದೆ. 11 ಕಡೆ ಸಿಕ್ಕಿತು, ಅದರಲ್ಲಿ ಎರಡು ಕಡೆ ಖಾಲಿ ಪಟ್ಟಿ ಬರಬಹುದಾದ ಸಾಧ್ಯತೆಯಿತ್ತು. ಮೊದಲ ಅಧ್ಯಾಯದ ಮಟ್ಟಿಗೆ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ರೂಕ್ ಪಾಲಿನಾಮಿಯಲ್ ಬಗ್ಗೆ ಹೇಳಿದ್ದು ಹಾಗೆಯೇ ಇರಲಿ.

ನಾಲ್ಕನೇ ಸೆಮ್:

ಷಟ್ಪದಿಯವರ ಲೆಕ್ಕವನ್ನು ನಿಧಾನವಾಗಿ ಮಾಡುತ್ತೇನೆ. ಅದಕ್ಕೂ ಮುಂಚೆ ಆ ಮಾತ್ರೆಗಳ ಸಂಖ್ಯೆಗಳ ಮೇಲೆಯೇ ಒಂದು ಸಾಧನೆ ಬರೆದಿದ್ದೇನೆ, ನೋಟ್ಸ್ ನೋಡದೆ ಬರೆದ ಮೊದಲನೆಯದು. ದಯವಿಟ್ಟು ತಿದ್ದಿ.

ದತ್ತ: ಒಂದು ಮಾತ್ರೆಗೆ ಒಂದು ಬಗೆ, ಎರಡಕ್ಕೆ ಎರಡು, ಅಲ್ಲಿಂದ ಮುಂದೆ ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಸಾಧನೀಯ: ಎನ್ ಮಾತ್ರೆಗಳ ಬಗೆಗಳು 2ರ ಎನ್‌ನೇ ಘಾತಕ್ಕಿಂತ ಕಡಿಮೆ. ಸಾಧನೆ: ಎನ್ ಒಂದಾದಾಗ 1 ಎಂಬುದು 2ಕ್ಕಿಂತ ಕಡಿಮೆ, ಸರಿ. ಕೆ ಮತ್ತು ಅದರ ಹಿಂದಿನ ಮೆಟ್ಟಿಲಿಗೆ ಹೇಳಿಕೆ ನಿಂತಿದೆ ಎಂದಿಟ್ಟುಕೊಳ್ಳೋಣ. ಕೆ ಆದ ಮೇಲಿನ ಸಂಖ್ಯೆ ಆ ಎರಡರ ಮೊತ್ತ, ಆದ್ದರಿಂದ ಅದು 2ರ ಕೆ ಘಾತ ಮತ್ತು ಅದರ ಅರ್ಧ, ಇವೆರಡರ ಮೊತ್ತಕ್ಕಿಂತ ಕಡಿಮೆ. ಅದು 2ರ ಕೆ ಘಾತದ ಎರಡರಷ್ಟಕ್ಕಿಂತಲೂ ಕಡಿಮೆ. ಹೀಗಾಗಿ ಮುಂದಿನ ಮೆಟ್ಟಿಲಿಗೂ ನಿಂತಿತು.

ಸಂಜೆಯ ಪಾಠ:

ಬರವಣಿಗೆ ಬಹಳ ಚೆನ್ನಾಗಿದೆ, ಎರಡನೇ ಹಂತದಲ್ಲಿ ಕುಂದಿಲ್ಲ. ಆದರೆ ಸಾಧನೆ ಅಪೂರ್ಣವಾಗಿದೆ, ಮತ್ತು ಅದು ಸಣ್ಣ ವಿಷಯವಲ್ಲ.

ನಿಮ್ಮ ಎರಡನೇ ಹಂತ ಹಿಂದಿನ ಎರಡು ಮೆಟ್ಟಿಲುಗಳ ಮೇಲೆ ಕಾಲಿಡುತ್ತದೆ. ನೀವು ಪರೀಕ್ಷಿಸಿರುವುದು ಒಂದೇ ಮೆಟ್ಟಿಲನ್ನು. ಎರಡನೆಯ ಮೆಟ್ಟಿಲಿಗೆ ನೀವು ಹೇಗೆ ಹತ್ತಿದಿರಿ? ಅದಕ್ಕೆ ಒಂದನೆಯದರ ಜೊತೆಗೆ ಸೊನ್ನೆಯ ಮೆಟ್ಟಿಲೂ ಬೇಕು, ಅದರ ಸುದ್ದಿಯೇ ನಿಮ್ಮ ದತ್ತದಲ್ಲಿಲ್ಲ. ‘ಉತ್ತರ ಹೇಗೂ ಸರಿಯಾಯಿತಲ್ಲ’ ಎಂದು ವಿದ್ಯಾರ್ಥಿಗಳು ಇಲ್ಲಿ ಜಗಳವಾಡುತ್ತಾರೆ, ಆದ್ದರಿಂದ ಇದೇ ಅಜಾಗರೂಕತೆಯಿಂದ ಒಂದು ಹಸಿ ಸುಳ್ಳನ್ನು ಸಾಧಿಸಿ ತೋರಿಸುತ್ತೇನೆ.

ಸಾಧನೀಯ: ಎರಡು ಮಾತ್ರೆಯಿಂದ ಮುಂದಕ್ಕೆ ಎಲ್ಲ ಸಂಖ್ಯೆಗಳೂ ಸಮ. ಆರಂಭ: ಎರಡು ಮಾತ್ರೆಗೆ 2, ಅದು ಸಮ, ಸರಿ. ಮುಂದಿನ ಹಂತ: ಹಿಂದಿನ ಎರಡೂ ಸಮವಾಗಿದ್ದರೆ ಅವುಗಳ ಮೊತ್ತವೂ ಸಮ, ಇದನ್ನು ಯಾರೂ ಅಲ್ಲಗಳೆಯಲಾರರು. ಆದ್ದರಿಂದ ಎಲ್ಲವೂ ಸಮ. ಆದರೆ ಮೂರು ಮಾತ್ರೆಗೆ 3. ಎಲ್ಲಿ ಜಾರಿದೆವು? ನಿಮ್ಮಂತೆಯೇ ಒಂದೇ ಮೆಟ್ಟಿಲು ನೋಡಿ ಹೊರಟೆವು. ನಿಮ್ಮ ಸಾಧನೆಗೂ ನನ್ನ ಈ ಸುಳ್ಳಿಗೂ ರೂಪದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ನಿಮ್ಮ ಹೇಳಿಕೆ ನಿಜವಾಗಿದ್ದದ್ದು ನಿಮ್ಮ ಅದೃಷ್ಟ. ‘ಎರಡು ಮಾತ್ರೆಗೆ 2, ಅದು 4ಕ್ಕಿಂತ ಕಡಿಮೆ’ ಎಂಬ ಒಂದು ಸಾಲು ಸೇರಿಸಿ, ಕೆ ಎಂಬುದು ಎರಡು ಅಥವಾ ಹೆಚ್ಚು ಎಂದು ಬರೆಯಿರಿ. ಅಷ್ಟಕ್ಕೆ ಅದು ಸಾಧನೆಯಾಗುತ್ತದೆ.

ರಿಕರ್ಸಿವ್ ಫಂಕ್ಷನ್ ಬರೆಯುವಾಗ ನಿಲ್ಲುವ ಷರತ್ತು ಎರಡು ಬೇಕಾದಲ್ಲಿ ಒಂದೇ ಹಾಕಿ, ಪ್ರೋಗ್ರಾಂ ಸ್ಟ್ಯಾಕ್ ತುಂಬಿ ಬಿದ್ದದ್ದನ್ನು ನೀವು ಲ್ಯಾಬ್‌ನಲ್ಲಿ ಕಂಡಿರಬಹುದು. ಅದು ಇದೇ ತಪ್ಪು. ಅಲ್ಲಿ ಯಂತ್ರ ಕೂಗಿ ಹೇಳುತ್ತದೆ, ಕಾಗದ ಸುಮ್ಮನಿರುತ್ತದೆ.

ಗೇಟ್ ಬರೆದವ:

ಪರೀಕ್ಷೆಯ ಕಡೆಯಿಂದಲೂ ಒಬ್ಬರು ಹೇಳಲಿ ಎಂದು ಬರೆಯುತ್ತಿದ್ದೇನೆ. ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಕಂಪ್ಯೂಟರ್ ಸೈನ್ಸ್ ಪತ್ರಿಕೆಯ 100 ಅಂಕಗಳಲ್ಲಿ 13 ಇಂಜಿನಿಯರಿಂಗ್ ಗಣಿತಕ್ಕಿವೆ, ಡಿಸ್ಕ್ರೀಟ್ ಅದರ ಒಂದು ಭಾಗ. ಆದರೆ ನಾನು ಗಮನಿಸಿದ್ದು ಬೇರೆ: ಆಲ್ಗಾರಿದಮ್ಸ್, ಆಟೊಮ್ಯಾಟಾ, ಡೇಟಾಬೇಸ್ ಪ್ರಶ್ನೆಗಳಲ್ಲಿ ನಾನು ಕಳೆದುಕೊಂಡ ಅಂಕಗಳ ಮೂಲ ಹುಡುಕುತ್ತ ಹೋದರೆ ಬಹುಪಾಲು ಸಂಬಂಧ, ಉತ್ಪನ್ನ (ಫಂಕ್ಷನ್), ಎಣಿಕೆಗಳ ಬಳಿಯೇ ಬಂದು ನಿಲ್ಲುತ್ತಿದ್ದೆ. ಒಂದೇ ಸೆಮಿಸ್ಟರ್‌ನಲ್ಲಿ ಡೇಟಾಬೇಸ್ ಪುಸ್ತಕದ ‘ರಿಲೇಷನ್’ ಮತ್ತು ಗಣಿತದ ‘ಸಂಬಂಧ’ ಎರಡನ್ನೂ ಓದಿ, ಅವು ಒಂದೇ ವಸ್ತುವೆಂದು ಕೊನೆಯವರೆಗೂ ತಿಳಿಯದೆ ಇದ್ದವನು ನಾನು.

ನೀವು ಗ್ರಾಫ್ ಥಿಯರಿ ಆರಿಸಿಕೊಂಡಿಲ್ಲವಾದರೂ ಅದನ್ನು ಪೂರ್ತಿ ಬಿಡಬೇಡಿ. ಅಭ್ಯಾಸಕ್ಕೆ ಬೆಂಗಳೂರಿನ ಮೆಟ್ರೊ ನಕ್ಷೆ ಸಾಕು. ನೇರಳೆ, ಹಸಿರು, ಹಳದಿ ಈ ಮೂರು ಮಾರ್ಗಗಳನ್ನು ಮಾತ್ರ ಬರೆದುಕೊಳ್ಳಿ: ನೇರಳೆ ಮತ್ತು ಹಸಿರು ಮೆಜೆಸ್ಟಿಕ್‌ನಲ್ಲಿ, ಹಸಿರು ಮತ್ತು ಹಳದಿ ಆರ್.ವಿ. ರಸ್ತೆಯಲ್ಲಿ ಸೇರುತ್ತವೆ, ಬೇರೆಲ್ಲೂ ಇಲ್ಲ. ಇದು ‘ಮರ’. ಯಾವ ಎರಡು ನಿಲ್ದಾಣ ತೆಗೆದುಕೊಂಡರೂ ನಡುವೆ ದಾರಿ ಒಂದೇ ಒಂದು, ಮತ್ತು ಎಲ್ಲಿ ಹಳಿ ಕೆಟ್ಟರೂ ಜಾಲ ಎರಡು ತುಂಡಾಗುತ್ತದೆ. ಎಂ.ಜಿ. ರಸ್ತೆಯಲ್ಲಿ ನೇರಳೆಯನ್ನೂ ಜಯದೇವದಲ್ಲಿ ಹಳದಿಯನ್ನೂ ಮುಟ್ಟುವ ಗುಲಾಬಿ ಮಾರ್ಗವನ್ನು ಇದಕ್ಕೆ ಸೇರಿಸಿ ನೋಡಿ: ಮೆಜೆಸ್ಟಿಕ್, ಎಂ.ಜಿ. ರಸ್ತೆ, ಜಯದೇವ, ಆರ್.ವಿ. ರಸ್ತೆ, ಮತ್ತೆ ಮೆಜೆಸ್ಟಿಕ್ ಎಂದು ಮೊದಲ ಆವರ್ತ ಹುಟ್ಟುತ್ತದೆ. ಆ ಸುತ್ತಿನೊಳಗೆ ಎಲ್ಲಿ ಹಳಿ ಕೆಟ್ಟರೂ ಸುತ್ತಿಕೊಂಡು ಹೋಗುವ ದಾರಿ ಉಳಿಯುತ್ತದೆ. ‘ಮರದಲ್ಲಿ ನಿಲ್ದಾಣಗಳಿಗಿಂತ ಕೊಂಡಿಗಳು ಸರಿಯಾಗಿ ಒಂದು ಕಡಿಮೆ’ ಎಂಬುದನ್ನು ದತ್ತ, ಸಾಧನೀಯ ಹಾಕಿ ಬರೆದು ನೋಡಿ. ನಿಮಗೆ ಬೇಕಾಗುವುದು ಈಗಷ್ಟೇ ಕಲಿತ ಇಂಡಕ್ಷನ್. ತುದಿಯ ನಿಲ್ದಾಣವೊಂದನ್ನು ಕಿತ್ತುಹಾಕಿ ಆರಂಭಿಸಿ.

ನಾಲ್ಕನೇ ಸೆಮ್:

ಸಮಸಂಖ್ಯೆಯ ಆ ಸುಳ್ಳು ಸಾಧನೆಯನ್ನು ಹಾಸ್ಟೆಲ್‌ನಲ್ಲಿ ನಾಲ್ವರಿಗೆ ತೋರಿಸಿದೆ. ಇಬ್ಬರು ಒಪ್ಪಿಬಿಟ್ಟರು. ನನ್ನದನ್ನು ತಿದ್ದಿಕೊಂಡಿದ್ದೇನೆ. ಮೆಟ್ರೊ ಲೆಕ್ಕ ಅರ್ಧವಾಗಿದೆ: ತುದಿಯ ನಿಲ್ದಾಣ ಇದ್ದೇ ಇರುತ್ತದೆ ಎಂಬುದನ್ನೂ ಸಾಧಿಸಬೇಕೆಂದು ಬರೆಯುವಾಗ ತಿಳಿಯಿತು, ಅಲ್ಲಿ ನಿಂತಿದ್ದೇನೆ.

ಷಟ್ಪದಿಯ ಉತ್ತರ ಸಿಕ್ಕಿದೆ. ಮೂರು-ನಾಲ್ಕರ ಒಂದು ಜೋಡಿಗೆ ಎರಡು ಗುಣಿಸು ನಾಲ್ಕು, 8 ವಿನ್ಯಾಸ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ತಲಾ ಎರಡು ಜೋಡಿ, ಮೂರು ಮತ್ತು ಆರನೆಯದರಲ್ಲಿ ತಲಾ ಮೂರು. ಒಟ್ಟು 14 ಜೋಡಿಗಳು. ಕೊನೆಯ ಗುರುವಿಗೆ ಆಯ್ಕೆಯಿಲ್ಲ. ಆದ್ದರಿಂದ 8ರ 14ನೇ ಘಾತ, ಎಂದರೆ 2ರ 42ನೇ ಘಾತ: 43,98,04,65,11,104. ನಾಲ್ಕು ಲಕ್ಷ ಕೋಟಿಗೂ ಮೀರಿದ ವಿನ್ಯಾಸಗಳು.

ಷಟ್ಪದಿ:

ಗುಣಾಕಾರ ಸರಿಯಾಗಿದೆ, ಪದ್ಯ ತಪ್ಪಾಗಿದೆ. ನೀವು ಆದಿಪ್ರಾಸವನ್ನು ಮರೆತಿರಿ. ಆರೂ ಸಾಲುಗಳಲ್ಲಿ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬುದು ನಿಮಗೆ ನೆನಪಿರುತ್ತದೆ. ಅದರ ಹಿಂದಿನ ಅಕ್ಷರ ಒಂದು ಸಾಲಿನಲ್ಲಿ ಗುರುವಾದರೆ ಎಲ್ಲ ಸಾಲುಗಳಲ್ಲಿಯೂ ಗುರು, ಲಘುವಾದರೆ ಎಲ್ಲೆಡೆ ಲಘು ಎಂಬುದೂ ನಿಯಮವೇ. ಮೊದಲ ಸಾಲಿನಲ್ಲಿ ಗುರುವಿನಿಂದ ತೊಡಗಿದ ಕವಿಗೆ ಉಳಿದ ಐದು ಸಾಲುಗಳ ಮೊದಲ ಗಣದಲ್ಲಿ ಆಯ್ಕೆಯೇ ಇರುವುದಿಲ್ಲ.

ಸಂಜೆಯ ಪಾಠ:

ಇದು ನನಗೂ ಹೊಳೆದಿರಲಿಲ್ಲ. ಗುಣಿಸುವ ಮುಂಚೆ ಆಯ್ಕೆಗಳು ಒಂದನ್ನೊಂದು ಅವಲಂಬಿಸಿವೆಯೇ ಎಂದು ಕೇಳಬೇಕೆಂಬುದಕ್ಕೆ ಮುಂದಿನ ಬ್ಯಾಚ್‌ಗೆ ಇಸ್ಪೀಟಿನ ಲೆಕ್ಕದ ಬದಲು ಇದನ್ನೇ ಕೊಡುತ್ತೇನೆ.

ನಾಲ್ಕನೇ ಸೆಮ್:

ಆರು ಸಾಲುಗಳ ಮೊದಲ ಗಣಗಳಿಗೆ ನಾನು ತಲಾ ಎರಡರಂತೆ 64 ಎಂದು ಹಿಡಿದಿದ್ದೆ. ಪ್ರಾಸದಿಂದ ಅದು ಒಟ್ಟಾರೆ ಎರಡೇ ಆಗುತ್ತದೆ. ಹಾಗಾದರೆ 2ರ 42ನೇ ಘಾತವನ್ನು 32ರಿಂದ ಭಾಗಿಸಬೇಕು. 2ರ 37ನೇ ಘಾತ, 1,37,43,89,53,472. ಈ ಬಾರಿ ಏನನ್ನಾದರೂ ಮರೆತಿದ್ದೇನೆಯೇ?